ಚೌಕುಳಿಯ ಆಚೆ ಇಟ್ಟ ಚುಕ್ಕೆ

“ಮೇಡಮ್ರಿ, ನಿಮ್ಮ ಹುಡುಗ್ರು ಅಷ್ಟೂ ಮಂದಿ ಕಾಪಿ ಹೊಡದಾರಂತ!”

ಹುನಗುಂದದಿಂದ ಬಸ್ಸಿನಲ್ಲಿ ಬಂದಿಳಿದು, ಇಳಕಲ್ಲಿನ ನಮ್ಮ ಸಮುದಾಯ ಕಾಲೇಜಿನ ಗೇಟಿನೊಳಗೆ ಆಗಷ್ಟೇ ಕಾಲಿಟ್ಟಿದ್ದೆ. ಕೇಂದ್ರದ ಸಂಯೋಜಕರು ವರಾಂಡದಲ್ಲಿ ನಿಂತೇ ಹೀಗೆ ಕೂಗಿದರು. ಅವರ ಹಿಂದೆ ಜವಾನ, ಗುಮಾಸ್ತ, ಕಸಬರಿಗೆ ಹಿಡಿದ ಆಯಾ ಎಲ್ಲರೂ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಛತ್ರಿ ಮಡಚುವುದನ್ನೂ ಮರೆತು, ಬಿಚ್ಚಿದ ಛತ್ರಿಯನ್ನು ಹಿಡಿದುಕೊಂಡೇ ಆಫೀಸಿನೊಳಗೆ ನುಗ್ಗಿದೆ.

“ಯಾವ ವಿಷಯದಾಗ್ರಿ?” ಎಂದೆ.

“ನಿಮ್ಮ ವಿಷಯದಾಗನ. ಗಣಿತದಾಗ.”

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿದ್ದ ಕಾಲ ಅದು. ಶಾಲೆ ಅರ್ಧಕ್ಕೆ ಬಿಟ್ಟವರಿಗೂ ಒಂದು ಕಸುಬು ಕೈಗೆ ಹತ್ತಲಿ ಎಂದು ತೆರೆದ ಪುಟ್ಟ ಕಾಲೇಜು. ಅದರಲ್ಲಿ ಒಂದು ವರ್ಷದ ಮಲ್ಟಿಮೀಡಿಯಾ ಡಿಸೈನ್ ಕೋರ್ಸು. ಬೆಳಿಗ್ಗೆ ನನ್ನ ಗಣಿತ, ಮಧ್ಯಾಹ್ನ ಕಂಪ್ಯೂಟರ್. ಹದಿನಾಲ್ಕು ಮಂದಿ ವಿದ್ಯಾರ್ಥಿಗಳು, ಹೆಚ್ಚಿನವರು ಮಗ್ಗದ ಮನೆಗಳಿಂದ ಬಂದವರು. ಚಿತ್ರ ಬಿಡಿಸಲು ಬಂದ ನಮಗೆ ಈ ಗಣಿತ ಯಾಕೆ ಎಂದು ಮೊದಲ ದಿನವೇ ಗೊಣಗಿದ್ದರು. ಪರದೆಯ ಮೇಲೆ ಒಂದು ಚೆಂಡು ಉರುಳಿಸಬೇಕಾದರೂ ಅದು ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ಅಂಕಿಯಲ್ಲೇ ಹೇಳಬೇಕು, ಸುಮ್ಮನೆ ಕೂಡ್ರಿ ಎಂದು ಗದರಿಸಿ ಕೂರಿಸಿದ್ದೆ. ನನ್ನ ಬಾಯಿ ಸ್ವಲ್ಪ ಜೋರು. ಅದು ಹುನಗುಂದಕ್ಕೂ ಗೊತ್ತು, ಇಳಕಲ್ಲಿಗೂ ಗೊತ್ತು.

ಸಂಯೋಜಕರು ಪರೀಕ್ಷಾ ಕಚೇರಿಯಿಂದ ಬಂದ ನೋಟಿಸನ್ನೂ ಅದರ ಜೊತೆಗಿದ್ದ ನಾಲ್ಕೈದು ಜೆರಾಕ್ಸ್ ಹಾಳೆಗಳನ್ನೂ ಮುಂದೆ ತಳ್ಳಿದರು. ಅವು ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಯ ಗ್ರಾಫ್ ಹಾಳೆಗಳು. ನೋಡಿದವಳು ದಂಗಾಗಿ ಹೋದೆ.

ಗ್ರಾಫ್ ಬರೆಯುವುದು ಎಂದರೆ ಹಾಳೆಯ ನಡುವೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆಯುವುದು. ಅವೆರಡೂ ಕೂಡುವಲ್ಲಿ ಸೊನ್ನೆ. ಅಲ್ಲಿಂದ ಮೇಲಕ್ಕೆ ಹೋದರೆ ಧನ, ಕೆಳಕ್ಕೆ ಇಳಿದರೆ ಋಣ. ಇದು ಎಲ್ಲ ಹೈಸ್ಕೂಲಿನಲ್ಲೂ ಹೇಳಿಕೊಡುವ ಪಾಠ. ಇವರು ಮಾಡಿದ್ದೇನು? ಸೊನ್ನೆಯನ್ನು ಹಾಳೆಯ ಎಡಗಡೆ ಮೇಲಿನ ತುದಿಯಲ್ಲಿ ಕೂರಿಸಿದ್ದರು. ಒಂದು, ಎರಡು, ಮೂರು ಎಂದು ಕೆಳಮುಖವಾಗಿ ಇಳಿಸಿಕೊಂಡು ಹೋಗಿದ್ದರು. ಎಕ್ಸ್‌ನಿಂದ ವೈ ಕಳೆದರೆ ಎರಡು ಎಂಬ ಸಮೀಕರಣ ಒಂದಿತ್ತು. ಅದರಲ್ಲಿ ಎಕ್ಸ್ ಸೊನ್ನೆಯಾದಾಗ ವೈ ಋಣ ಎರಡು ಬರುತ್ತದೆ. ಆ ಚುಕ್ಕೆ ಇಡಲು ಇವರ ಹಾಳೆಯಲ್ಲಿ ಜಾಗವೇ ಇಲ್ಲವಲ್ಲ! ಹಾಗಾಗಿ ಚೌಕುಳಿ ಮುಗಿದ ಮೇಲೆ, ಮೇಲುಗಡೆ ಬಿಳಿಯ ಅಂಚು ಇರುತ್ತದಲ್ಲ, ಅಲ್ಲಿ ಚುಕ್ಕೆ ಇಟ್ಟಿದ್ದರು. ಅಲ್ಲಿಂದ ಒಂದು ಗೆರೆ ಜಾರಿಕೊಂಡು ಒಳಗೆ ಬಂದಿತ್ತು. ಜೆರಾಕ್ಸಿನಲ್ಲಿದ್ದ ಅಷ್ಟೂ ಹಾಳೆಗಳಲ್ಲಿ ಅದೇ ಚುಕ್ಕೆ, ಅದೇ ಅಂಚಿನಲ್ಲಿ.

ಮೌಲ್ಯಮಾಪಕರ ಟಿಪ್ಪಣಿ ಕೆಳಗಿತ್ತು. ಹದಿನಾಲ್ವರದೂ ಇದೇ ವಿಚಿತ್ರ ತಪ್ಪು, ಇಂಥ ತಪ್ಪು ಬೇರೆ ಯಾವ ಕೇಂದ್ರದಲ್ಲೂ ಇಲ್ಲ, ಆದ್ದರಿಂದ ಗಣಿತ ಬಾರದ ಯಾರೋ ಒಬ್ಬರು ಪರೀಕ್ಷಾ ಕೋಣೆಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿರಬೇಕು ಎಂದು.

“ಗಣಿತ ಬಾರದವರು ಅಂದ್ರ ಯಾರಂತ್ರಿ? ನಾನೇನು?” ಎಂದು ಮೇಜು ಗುದ್ದಿದೆ. ಅವಮಾನಕ್ಕೆ ಕಣ್ಣು ಮಂಜಾಯಿತು.

“ಮೇಡಮ್ರಿ, ಸಿಟ್ಟು ಆಮ್ಯಾಲ ಮಾಡ್ರಿ. ಶಿಕ್ಷೆ ಎಷ್ಟಂತ ನೋಡೀರೇನು? ನಾಪಾಸಾದ್ರ ನಾಕು ತಿಂಗಳಿಗೆ ಮತ್ತ ಕೂಡ್ರಬಹುದು. ಕಾಪಿ ಅಂತ ಆದ್ರ ಮೂರು ವರ್ಷ ಯಾವ ಪರೀಕ್ಷಾಕ್ಕೂ ಕೂಡ್ರಂಗಿಲ್ಲ. ಬಾಗಲಕೋಟಿಗೆ ವಿಚಾರಣೆಗೆ ಕರದಾರ.”

ಮೂರು ವರ್ಷ! ಇಪ್ಪತ್ತರ ಆಸುಪಾಸಿನ ಮಕ್ಕಳಿಗೆ ಮೂರು ವರ್ಷ ಎಂದರೆ ಓದು ಅಲ್ಲಿಗೇ ಮುಗಿದ ಹಾಗೆ. ಅದರಲ್ಲೂ ನನಗೆ ಥಟ್ಟನೆ ನೆನಪಾದದ್ದು ನಮ್ಮ ಗುಳೇದಗುಡ್ಡದಾಕಿ. ತರಗತಿಯಲ್ಲಿ ಎಲ್ಲರೂ ಅವಳನ್ನು ಹಾಗೆಯೇ ಕರೆಯುತ್ತಿದ್ದರು. ತವರು ಗುಳೇದಗುಡ್ಡ, ಮನೆಯಲ್ಲಿ ಕುಪ್ಪಸದ ಖಣ ನೇಯುವ ಮಗ್ಗ. ಕೊಟ್ಟದ್ದು ಇಳಕಲ್ಲಿನ ಸೀರೆಯ ಮನೆಗೆ. ಸೆರಗಿನ ಹೊಸ ನಮೂನೆಗಳನ್ನು ತಾನೇ ಕಂಪ್ಯೂಟರಿನಲ್ಲಿ ಬಿಡಿಸಬೇಕೆಂಬ ಹಟ ಅವಳಿಗೆ. ಮಾವ ಒಲ್ಲದ ಮನಸ್ಸಿನಿಂದ ಒಪ್ಪಿದ್ದರು. “ಹೋಗವಾ, ಕಲಿ. ಆದ್ರ ಒಂದು ಕೆಟ್ಟ ಮಾತು ಓಣ್ಯಾಗ ಬಂತಂದ್ರ ಅವತ್ತಿಂದ ಮನಿ ಹೊಸ್ತಲಾ ದಾಟಂಗಿಲ್ಲ” ಎಂದು ನನ್ನೆದುರಿಗೇ ಹೇಳಿ ಸೇರಿಸಿ ಹೋಗಿದ್ದರು.

ತರಗತಿಗೆ ಹೋದೆ. ಸುದ್ದಿ ನನಗಿಂತ ಮುಂಚೆಯೇ ಅಲ್ಲಿ ತಲುಪಿತ್ತು. ಯಾರೂ ಕಣ್ಣೆತ್ತಲಿಲ್ಲ. ಗುಳೇದಗುಡ್ಡದಾಕಿ ಮಾತ್ರ ಎದ್ದು ನಿಂತು, “ಮೇಡಮ್ರಿ, ದೇವರಾಣಿ ನಾವು ಯಾರೂ ಯಾರದೂ ನೋಡಿ ಬರದಿಲ್ರಿ” ಎಂದಳು.

“ಬರದಿಲ್ಲಾ? ಹಂಗಾರ ಬಾ ಇಲ್ಲೆ. ಚಾಕ್ ತಗೋ. ಬೋರ್ಡಿನ ಮ್ಯಾಲ ಮೂಲಬಿಂದು ಎಲ್ಲಿ ಅಂತ ತೋರಸು.”

ಮೂಲಬಿಂದು ಎಂದರೆ ಆ ಸೊನ್ನೆಯ ಜಾಗ. ಪುಸ್ತಕದಲ್ಲಿರುವ ಹೆಸರು ಅದೇ. ಅವಳು ಒಂದಿಷ್ಟೂ ಅಳುಕದೆ ಬಂದು, ತುದಿಗಾಲ ಮೇಲೆ ನಿಂತು, ಬೋರ್ಡಿನ ಎಡಗಡೆ ಮೇಲಿನ ತುದಿಗೆ ಕೈ ಚಾಚಿ, ಕಟ್ಟಿಗೆಯ ಚೌಕಟ್ಟಿಗೆ ತಾಗುವಂತೆ ಒಂದು ಚುಕ್ಕೆ ಇಟ್ಟಳು.

“ಅಲ್ಲ್ಯಾಕ ಇಟ್ಟಿ?”

“ಮೂಲಿ ಬಿಂದು ಅಲ್ಲೇನ್ರಿ? ಮೂಲ್ಯಾಗ ಇಡಬೇಕು.”

“ಏನಂದಿ?”

“ಮೂಲಿ ಬಿಂದು” ಎಂದು ಈ ಸಲ ಹದಿನಾಲ್ವರೂ ಒಟ್ಟಿಗೇ ಹೇಳಿದರು, ಬಾಲವಾಡಿಯ ಮಕ್ಕಳ ಹಾಗೆ.

ನಮ್ಮ ಕಡೆ ಮನೆ ಮನಿಯಾಗುತ್ತದೆ, ಶಾಲೆ ಸಾಲಿಯಾಗುತ್ತದೆ, ಮೂಲೆ ಮೂಲಿಯಾಗುತ್ತದೆ. ನಾನೂ ಅದೇ ಮಾತಿನಲ್ಲಿ ಹುಟ್ಟಿ ಬೆಳೆದವಳು, ಮನೆಯಲ್ಲಿ ಕಸ ಮೂಲ್ಯಾಗ ಬಿದ್ದೈತಿ ಎಂದು ಬೈಯುವವಳು. ಆದರೆ ಪುಸ್ತಕದ ಮೂಲಬಿಂದು ಈ ಹದಿನಾಲ್ವರ ಕಿವಿಗಳಲ್ಲಿ ಮೂಲೆಯ ಬಿಂದು ಆಗಿ ಹೋಗಿ ಕೂತಿದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಅಯ್ಯೋ ಶಿವನೇ ಎಂದು ಕುರ್ಚಿಯಲ್ಲಿ ಕುಸಿದೆ. ಒಂದು ಶಬ್ದ ಆಡಲಿಕ್ಕೆ ಆಗಲಿಲ್ಲ. ಆ ಹೊತ್ತಿನಲ್ಲಿ ಬಾಯಿ ಬಿದ್ದುಹೋದದ್ದೇ ಆಮೇಲೆ ನಮ್ಮನ್ನು ಕಾಯಿತು. ಇಲ್ಲವಾದರೆ ಅಲ್ಲೇ ಬೈದು, ಬೋರ್ಡು ಒರೆಸಿ, ಸರಿಯಾದ್ದನ್ನು ಬರೆದು ತೋರಿಸಿಬಿಡುತ್ತಿದ್ದೆ.

ಅಷ್ಟರಲ್ಲಿ ಹೋಗಿದ್ದ ಕರೆಂಟು ಬಂತು. ಕರೆಂಟು ಬಂದಾಗಲೇ ಪ್ರಾಕ್ಟಿಕಲ್ ಮುಗಿಸಬೇಕು, ಅದು ಅಲ್ಲಿನ ನಿಯಮ. ಎಲ್ಲರೂ ಕಂಪ್ಯೂಟರ್ ಕೋಣೆಗೆ ಎದ್ದರು. ನಾನೂ ಹಿಂದೆಯೇ ಹೋಗಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ನಿಂತೆ. ಮಲ್ಟಿಮೀಡಿಯಾ ಕಲಿಸುವ ಮಾಸ್ತರರು ಹುಬ್ಬಳ್ಳಿಯವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಶಾಂತ ಸ್ವಭಾವ.

“ಸರ, ನನಗ ಕಾಮಣಿ ಆಗಿ ಮನ್ಯಾಗ ಮಲಗಿದ್ದೆನಲ್ಲ, ಆವಾಗ ಗ್ರಾಫಿನ ಪಾಠ ನೀವ ಮಾಡಿದ್ರಿ ಹೌದಿಲ್ಲೊ? ಹ್ಯಾಂಗ ಮಾಡಿದ್ರಿ, ಒಮ್ಮೆ ತೋರಸ್ರಿ.”

ಅವರು ಖುಷಿಯಿಂದಲೇ ತೋರಿಸಿದರು. ಆ್ಯನಿಮೇಷನ್ ಮಾಡುವ ಸಾಫ್ಟ್‌ವೇರ್ ತೆರೆದು, ಪರದೆಯ ಎಡ ಮೇಲಿನ ತುದಿಗೆ ಬಾಣದ ಗುರುತನ್ನು ಒಯ್ದರು. ಕೆಳಗಿನ ಪಟ್ಟಿಯಲ್ಲಿ ಸೊನ್ನೆ, ಸೊನ್ನೆ ಎಂದು ಬಂತು. “ಇದು ನೋಡ್ರಿ ಮೂಲಬಿಂದು” ಎಂದರು. ಬಾಣವನ್ನು ಕೆಳಗಿಳಿಸಿದಂತೆಲ್ಲ ವೈ ಬೆಲೆ ಏರುತ್ತ ಹೋಯಿತು. ನಾನು ಕಣ್ಣು ಪಿಳಿಪಿಳಿ ಬಿಟ್ಟೆ. ಬಾಣವನ್ನು ಪರದೆಯ ಚೌಕದಿಂದ ಮೇಲಕ್ಕೆ, ಬೂದು ಬಣ್ಣದ ಖಾಲಿ ಜಾಗಕ್ಕೆ ಒಯ್ದರು. ಋಣ ಎರಡು, ಋಣ ಮೂರು.

“ಇಲ್ಲೆ ಯಾಕ ಜಾಗ ಬಿಟ್ಟಾರ್ರಿ?” ಎಂದು ಕೇಳಿದೆ.

“ಪರದೆ ಒಳಗ ಬರೂಕಿಂತ ಮುಂಚೆ ಚಿತ್ರ ಇಲ್ಲೇ ಹೊರಗ ನಿಂತಿರತೈತ್ರಿ. ನಾಟಕದಾಗ ಪಾತ್ರಧಾರಿ ಪರದೆ ಹಿಂದ ನಿಂತಂಗ.”

ಅಂದರೆ ಇಷ್ಟೇ. ಪುಸ್ತಕದ ಗಣಿತದಲ್ಲಿ ಸೊನ್ನೆ ನಡುವೆ, ಕಂಪ್ಯೂಟರ್ ಪರದೆಯಲ್ಲಿ ಸೊನ್ನೆ ಮೂಲೆಯಲ್ಲಿ. ಎರಡೂ ಸರಿಯೇ. ಆದರೆ ಈ ಮಕ್ಕಳು ಕಣ್ಣಿನಿಂದ ಕಂಡದ್ದು ಮೂಲೆ, ಕಿವಿಯಿಂದ ಕೇಳಿದ್ದೂ ಮೂಲಿ. ಇನ್ನು ಅನುಮಾನ ಎಲ್ಲಿಂದ ಬರಬೇಕು? ಕಾಯಿಲೆಯಿಂದ ಎದ್ದು ಬಂದ ನಾನು ಮೂಲಬಿಂದು ಗೊತ್ತೇನು ಎಂದು ಕೇಳಿದ್ದೆ, ಗೊತ್ತ್ರಿ ಎಂದಿದ್ದರು. ಅದರ ಬೆಲೆ ಎಷ್ಟು ಎಂದರೆ ಸೊನ್ನಿ ಸೊನ್ನಿ ಎಂದಿದ್ದರು. ಸರಿ ಎಂದು ಮುಂದಿನ ಪಾಠಕ್ಕೆ ಹೋಗಿದ್ದೆ. ಪರೀಕ್ಷೆಯಲ್ಲಿ ಋಣ ಸಂಖ್ಯೆ ಬಂದಾಗ ಚುಕ್ಕೆಯನ್ನು ಅಂಚಿನಲ್ಲಿ, ಪಾತ್ರಧಾರಿಯನ್ನು ನಿಲ್ಲಿಸಿದಂತೆ, ಹೊರಗೆ ನಿಲ್ಲಿಸಿದ್ದರು!

ವಿಷಯ ಕೇಳಿ ಮಾಸ್ತರರ ಮುಖ ಬಿಳಿಚಿಕೊಂಡಿತು. “ನಾ ಏನೂ ತಪ್ಪ ಹೇಳಿಲ್ರಿ ಮೇಡಮ್ರಿ” ಎಂದರು. ಖರೇನೇ, ಅವರು ತಪ್ಪು ಹೇಳಿರಲಿಲ್ಲ.

ಸಂಯೋಜಕರಿಗೆ ಇದೆಲ್ಲ ಹೇಳಿದಾಗ ಅವರು ಕೈ ತಟ್ಟಿದರು. “ಭಾಳ ಚಲೋ ಆತು! ವಿಚಾರಣೆ ಮುಂದಿನ ವಾರ ಐತಿ. ಇವತ್ತಿಂದನ ಕೂಡಿಸಿ ನೆಟ್ಟಗ ಹೇಳಿಕೊಡ್ರಿ. ಅಲ್ಲಿ ಹೋಗಿ ಎಲ್ಲಾರೂ ಬರೋಬ್ಬರಿ ಬರದು ತೋರಸ್ಲಿ. ನಮ್ಮ ಹುಡುಗ್ರು ಶಾಣ್ಯಾ ಅದಾರಂತ ಗೊತ್ತಾಗ್ಲಿ.”

ಮೊದಲು ನನಗೂ ಹೌದೆನಿಸಿತು. ಚಾಕ್ ಪೀಸಿನ ಡಬ್ಬಿ ತೆಗೆದುಕೊಂಡು ಬಾಗಿಲ ತನಕ ಹೋದವಳು ಗಕ್ಕನೆ ನಿಂತೆ. ಅಲ್ಲಿ ಹೋಗಿ ಇವರು ಸರಿಯಾಗಿ ಬರೆದರೆ ಅವರು ಏನು ಕೇಳುತ್ತಾರೆ? ಇಷ್ಟು ಚೆನ್ನಾಗಿ ಬರುತ್ತದಲ್ಲ, ಹಾಗಾದರೆ ಅವತ್ತು ಹದಿನಾಲ್ವರೂ ಒಂದೇ ತಪ್ಪು ಹೇಗೆ ಬರೆದಿರಿ, ಯಾರು ಬರೆಸಿದರು ಎಂದು ಕೇಳುತ್ತಾರೆ. ಮುಗಿಯಿತು ಕಥೆ. ಈ ಮಕ್ಕಳನ್ನು ಕಾಯುವುದು ಒಂದೇ ಒಂದು, ಅವರ ತಪ್ಪು. ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ಹೊಸ ಲೆಕ್ಕ ಕೊಟ್ಟರೂ ಇದೇ ತಪ್ಪನ್ನೇ ಮಾಡುತ್ತಾರೆ ಎಂದು ಕಣ್ಣಾರೆ ತೋರಿಸಬೇಕು. ಹಾಗಾಗಬೇಕಾದರೆ ವಿಚಾರಣೆಯ ತನಕ ಆ ತಪ್ಪನ್ನು ಯಾರೂ ಮುಟ್ಟಬಾರದು.

“ನಾ ಹೇಳಿಕೊಡಂಗಿಲ್ರಿ” ಎಂದೆ.

“ಹುಚ್ಚು ಹಿಡದೈತೇನ್ರಿ ನಿಮಗ? ತಪ್ಪು ಐತಿ ಅಂತ ಗೊತ್ತಿದ್ದೂ ಹಂಗ ಬಿಡ್ತೀರಿ?”

“ಬಿಡ್ತೇನಿ. ನೀವೂ ಬಾಯಿ ಬಿಡಬ್ಯಾಡ್ರಿ, ಸರೂ ಬಿಡಬಾರದು.”

ಹಾಗೆಂದು ಹೇಳಿದೆನೇನೋ ನಿಜ, ಆ ವಾರ ನಾನು ಪಟ್ಟ ಸಂಕಟ ಯಾರಿಗೂ ಬೇಡ. ಗಣಿತದ ಮಾಸ್ತರಿಕೆ ಮಾಡುವವರಿಗೆ ತಪ್ಪು ಕಂಡರೆ ಕೈ ತಾನಾಗಿ ಕೆಂಪು ಪೆನ್ನಿಗೆ ಹೋಗುತ್ತದೆ. ನಾನು ಆ ಕೈಯನ್ನು ಕಟ್ಟಿಕೊಂಡು ಕೂತಿದ್ದೆ. ತರಗತಿಯಲ್ಲಿ ಬಡ್ಡಿ ಲೆಕ್ಕ ಮಾಡಿಸಿದೆ, ತ್ರಿಕೋನ ಮಾಡಿಸಿದೆ, ಗ್ರಾಫಿನ ಸುದ್ದಿಗೇ ಹೋಗಲಿಲ್ಲ. ಊರಲ್ಲಿ ಸುದ್ದಿ ಹಬ್ಬಿತ್ತು. ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಕೂತ ಇಬ್ಬರು ಹೆಂಗಸರು, “ಮೇಡಮ್ಮೇ ಬೋರ್ಡಿನ ಮ್ಯಾಲ ಬರದು ಕೊಟ್ಟಾಳಂತ” ಎಂದು ಪಿಸುಗುಟ್ಟುತ್ತಿದ್ದರು. ತಿರುಗಿ ಜಗಳಕ್ಕೆ ನಿಲ್ಲುವವಳು ಹಲ್ಲು ಕಚ್ಚಿಕೊಂಡು ಕೂತೆ.

ಗುಳೇದಗುಡ್ಡದಾಕಿಯ ಮಾವ ಒಂದು ಮಧ್ಯಾಹ್ನ ಕಾಲೇಜಿಗೇ ಬಂದರು. ಬಿಳಿ ಧೋತ್ರ, ತಲೆಯ ಮೇಲೆ ಟೋಪಿ, ಮುಖ ಗಂಟು. “ಮೇಡಮ್ರಿ, ಓಣ್ಯಾಗ ತಲಿ ಎತ್ತಿ ತಿರಗಾಕ ಆಗವಲ್ದು. ನಮ್ಮ ಮನಿ ಸೀರಿ ಇನ್ನೊಬ್ಬರು ನೋಡಿ ನೇದಾರು, ನಾವು ಯಾರದೂ ನೋಡಿ ನೇದವರಲ್ಲ. ಸೊಸಿ ಕಾಪಿ ಹೊಡದಾಳಂದ್ರ ಏನು ಹೇಳ್ಲಿ ಮಂದಿಗೆ? ವಿಚಾರಣೆ ತನಕ ಬರ್ತಾಳ. ಕಾಪಿ ಅಂತ ಆತಂದ್ರ ಆಕಿ ಇನ್ನ ಬರಂಗಿಲ್ಲ.” ಇಷ್ಟು ಹೇಳಿ, ಕೊಟ್ಟ ಚಹಾ ಸಹ ಕುಡಿಯದೆ ಎದ್ದು ಹೋದರು.

ಅವತ್ತೇ ಸಂಜೆ ಅವಳು ನನ್ನ ಹಿಂದೆ ಬಸ್ ಸ್ಟ್ಯಾಂಡಿನ ತನಕ ಬಂದಳು.

“ನಮ್ಮ ತಪ್ಪು ಏನಂತರ ಹೇಳ್ರಿ ಮೇಡಮ್ರಿ.”

“ಬಾಗಲಕೋಟಿಗೆ ಹೋಗಿ ಬಂದ ಮ್ಯಾಲ ಹೇಳ್ತೇನಿ.”

“ಈಗ್ಯಾಕ ಬ್ಯಾಡ?”

“ಬ್ಯಾಡ ಅಂದ್ರ ಬ್ಯಾಡ. ನನ್ನ ಮ್ಯಾಲ ನಂಬಿಕಿ ಇಡು.”

ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಹೋದಳು.

ವಿಚಾರಣೆಯ ದಿನ ಹದಿನಾಲ್ಕು ಮಂದಿ, ನಾನು, ಮಲ್ಟಿಮೀಡಿಯಾ ಮಾಸ್ತರರು, ಸಂಯೋಜಕರು ಎಲ್ಲರೂ ಬಸ್ಸಿನಲ್ಲಿ ಹುನಗುಂದ, ಕಮತಗಿ ದಾಟಿ ಬಾಗಲಕೋಟೆಗೆ ಹೋದೆವು. ನವನಗರದಲ್ಲಿ ಆಗಿನ್ನೂ ಸುಣ್ಣದ ವಾಸನೆ ಹೋಗಿರದ ಕಟ್ಟಡ. ಒಳಗೆ ಮೂವರು ಕೂತಿದ್ದರು. ಮಾತೆಲ್ಲ ನಡುವೆ ಕೂತ ಅಧ್ಯಕ್ಷರದೇ. ನಿವೃತ್ತಿಗೆ ಬಂದ ಗಣಿತದ ಪ್ರಾಧ್ಯಾಪಕರು ಅವರು, ಬಾದಾಮಿ ಕಡೆಯವರು. ಕಣ್ಣು ಮುಚ್ಚಿಕೊಂಡೇ ಎಲ್ಲವನ್ನೂ ಕೇಳಿಸಿಕೊಳ್ಳುವ ಮನುಷ್ಯ.

ನಾನು ಮೊದಲೇ ಬರೆದುಕೊಂಡಿದ್ದಂತೆ ಕೇಳಿಕೊಂಡೆ. “ಒಬ್ಬೊಬ್ಬರನ್ನ ಒಳಗ ಕರೀರಿ. ಹೊಸ ಲೆಕ್ಕ ನೀವ ಕೊಡ್ರಿ, ಒಬ್ಬೊಬ್ಬರಿಗೆ ಒಂದೊಂದು. ನಿಮ್ಮ ಮುಂದನ ಬರೀಲಿ. ಬರದವರು ಹೊರಗ ಹೋಗಿ ಉಳದವರ ಕೂಡ ಮಾತಾಡದಂಗ ಬ್ಯಾರೆ ಕಡೆ ಕೂಡಸ್ರಿ.”

ಅಧ್ಯಕ್ಷರು ಒಂದು ಕಣ್ಣು ತೆರೆದು ನನ್ನನ್ನು ನೋಡಿದರು. “ಬರೋಬ್ಬರಿ ಬರದ್ರ?”

“ಬರಿಯಂಗಿಲ್ರಿ” ಎಂದೆ. ನನ್ನ ಮಕ್ಕಳಿಗೆ ಬರುವುದಿಲ್ಲ ಎಂದು ಇಷ್ಟು ಧೈರ್ಯದಿಂದ ನಾನು ಇನ್ನಾವತ್ತೂ ಹೇಳಿಲ್ಲ.

ಮೊದಲಿನ ಹುಡುಗ ಬಂದ. ಹಾಳೆ ಕೊಟ್ಟರು. ಅವನು ನೇರವಾಗಿ ಎಡ ಮೇಲಿನ ಮೂಲೆಗೆ ಹೋಗಿ ಸೊನ್ನೆ ಇಟ್ಟ. ಎರಡನೆಯವನೂ ಅಲ್ಲೇ. ಮೂರನೆಯ ಹುಡುಗಿ ಋಣ ನಾಲ್ಕು ಬಂದಾಗ ಹಾಳೆಯ ಅಂಚೂ ಸಾಲದೆ, “ಹಾಳಿ ಮುಗೀತ್ರಿ, ಮೇಜಿನ ಮ್ಯಾಲ ಚುಕ್ಕಿ ಇಡಬೇಕೇನ್ರಿ?” ಎಂದು ಕೇಳಿದಳು. ಅಧ್ಯಕ್ಷರ ಎರಡೂ ಕಣ್ಣು ತೆರೆದವು. ಐದಾರು ಮಂದಿ ಆಗುವ ಹೊತ್ತಿಗೆ ಅವರು ಕನ್ನಡಕ ತೆಗೆದು ಮುಂದಕ್ಕೆ ಬಾಗಿದ್ದರು.

“ಅಲ್ರೀ, ಇವರೆಲ್ಲಾ ಆಕಾಶ ಕೆಳಗೈತಿ ಅಂತ ತಿಳಕೊಂಡಾರೇನು?”

ನಾನು ಮಾಸ್ತರರಿಗೆ ಸನ್ನೆ ಮಾಡಿದೆ. ಕೋಣೆಯ ಒಂದು ಬದಿಗೆ ಬಟ್ಟೆ ಮುಚ್ಚಿದ ಆಫೀಸಿನ ಕಂಪ್ಯೂಟರ್ ಇತ್ತು. ಅವರು ಅದನ್ನು ಚಾಲೂ ಮಾಡಿ, ಎಲ್ಲ ಕಂಪ್ಯೂಟರಿನಲ್ಲೂ ಇರುವ ಚಿತ್ರ ಬಿಡಿಸುವ ಸಾದಾ ಪ್ರೋಗ್ರಾಂ ತೆರೆದು, ಬಾಣವನ್ನು ಮೇಲಿನ ಮೂಲೆಗೆ ಒಯ್ದರು. ಸೊನ್ನೆ, ಸೊನ್ನೆ. ಕೆಳಗಿಳಿಸಿದರು. ಅಂಕಿ ಏರಿತು. ಅಧ್ಯಕ್ಷರು ಎದ್ದು ಬಂದು ಮೌಸನ್ನು ತಾವೇ ಹಿಡಿದು ಮೇಲೆ ಕೆಳಗೆ ಆಡಿಸಿದರು.

“ಅಯ್ಯ ಇದರ! ಕಂಪ್ಯೂಟರ್ ಸಹಿತ ಕಾಪಿ ಹೊಡದೈತಲ್ರಿ!” ಎಂದು ನಕ್ಕರು. ಮೂಲ, ಮೂಲಿಯ ಕಥೆ ಹೇಳಿದಾಗಲಂತೂ ಹೊಟ್ಟೆ ಹಿಡಿದುಕೊಂಡರು. ನನಗೆ ಮೈಮೇಲಿನ ಹೊರೆ ಇಳಿಸಿದಂತಾಯಿತು. ಹದಿಮೂರು ಮಂದಿ ಮುಗಿಸಿದರು. ಹದಿಮೂರೂ ತಪ್ಪು, ಹದಿಮೂರೂ ಒಂದೇ ತಪ್ಪು. ನಾನು ಮನಸ್ಸಿನಲ್ಲೇ ಬಸವಣ್ಣನಿಗೆ ಕೈ ಮುಗಿದೆ.

ಕೊನೆಗೆ ಗುಳೇದಗುಡ್ಡದಾಕಿ ಬಂದಳು. ಹಾಳೆ ತೆಗೆದುಕೊಂಡಳು. ಅದರ ಅಗಲವನ್ನು ಬೆರಳಿನಿಂದ ಅಳೆದಳು. ನಟ್ಟನಡುವೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದು, ಅವು ಕೂಡುವಲ್ಲಿ ಸೊನ್ನೆ ಬರೆದಳು.

ಬ್ಯಾಡ, ಬ್ಯಾಡ ಎಂದು ಒಳಗೊಳಗೇ ಒದರಿಕೊಂಡೆ. ಅವಳು ತಲೆ ಎತ್ತದೆ, ಚುಕ್ಕೆ ಮೇಲೆ ಚುಕ್ಕೆ ಇಟ್ಟು, ಒಂದೂ ತಪ್ಪಿಲ್ಲದ ಗ್ರಾಫ್ ಬರೆದು ಮುಂದಿಟ್ಟಳು. ಇಡೀ ವರ್ಷದಲ್ಲಿ ಅಷ್ಟು ಚೆಂದದ ಗ್ರಾಫ್ ನನ್ನ ತರಗತಿಯಲ್ಲಿ ಯಾರೂ ಬರೆದಿರಲಿಲ್ಲ. ಅದನ್ನು ನೋಡಿ ನನಗೆ ಅಳು ಬಂತು.

ಅಧ್ಯಕ್ಷರ ನಗು ನಿಂತಿತು. “ಇಲ್ಲೆ ನೋಡ್ರಿ ಮೇಡಂ. ಹದಿಮೂರು ಮಂದಿಗೆ ಬರಂಗಿಲ್ಲ, ಅದಕ್ಕ ತಪ್ಪು ಬರದಾರ, ಒಪ್ಪಿದೆ. ಈಕಿಗೆ ಬರತೈತಿ. ಬರತಿದ್ದೂ ಅವತ್ತು ಅವರಂಗನ ತಪ್ಪು ಬರದಾಳಂದ್ರ? ಈಕಿ ಅವರದು ನೋಡಿ ಬರದಾಳ.”

“ಏ ಹುಡುಗಿ, ಯಾರ ಕಡಿಂದ ಕಲತಿ ಇದನ್ನ?” ಎಂದು ನಾನೇ ಚೀರಿದೆ.

“ತವರಿಗೆ ಹೋಗಿದ್ದೆನ್ರಿ. ಟ್ರಂಕಿನ್ಯಾಗ ನನ್ನ ಒಂಬತ್ತನೇ ಕ್ಲಾಸಿನ ಗಣಿತದ ಪುಸ್ತಕ ಇತ್ತು. ಅದರಾಗ ಹಿಂಗ ಇತ್ತು. ಆ ಪಾಠ ಸಾಲ್ಯಾಗ ನಡಿಯೂ ಮುಂದ ನನ್ನ ಲಗ್ನ ಆಗಿತ್ತರಿ, ಕಲತಿರಲಿಲ್ಲ. ನೀವು ಹೇಳಿಕೊಡಲಿಲ್ಲ, ನಾನ ಓದಿಕೊಂಡೆ. ಇವರಿಗೂ ಹೇಳಿದೆ. ಅದು ಹಳೇ ಪುಸ್ತಕ, ಈಗ ಕಂಪ್ಯೂಟರ್ ಬಂದ ಮ್ಯಾಲ ಬದಲಿ ಆಗೇತಿ ಅಂತ ನಕ್ಕರು.”

“ಅಂದ್ರ ಕಾಪಿ ಅಲ್ಲ ಅಂತೀಯೇನು?” ಎಂದರು ಅಧ್ಯಕ್ಷರು. ಪಕ್ಕದಲ್ಲಿ ಕೂತವರು ಆಗಲೇ ಏನೋ ಬರೆದುಕೊಳ್ಳತೊಡಗಿದ್ದರು.

ನಾನು ಬಾಯಿ ತೆರೆಯುವ ಮೊದಲೇ ಅವಳು ಒಂದು ಹೆಜ್ಜೆ ಮುಂದೆ ಬಂದಳು. ಸಿಟ್ಟಿನಿಂದ ಮೂಗಿನ ಹೊಳ್ಳೆ ನಡುಗುತ್ತಿತ್ತು.

“ತಪ್ಪು ಮಾಡಿದವರು ಪಾರಾದ್ರು. ತಪ್ಪು ತಿದ್ದಿಕೊಂಡಾಕಿ ಕಳ್ಳಿ ಆದೆ. ಇದ್ಯಾವ ನ್ಯಾಯಾರಿ? ನನ್ನ ಅವತ್ತಿನ ಪೇಪರ್ ತಗೀರಿ. ಅದರಾಗ ನನ್ನ ಗೆರಿ ಬಗ್ಗೇತಿ.”

“ಬಗ್ಗೇತಿ ಅಂದ್ರ?”

“ಆರರಾಗ ಎರಡು ಕಳದ್ರ ನಾಕು. ನಾ ಅವತ್ತು ಗಡಿಬಿಡ್ಯಾಗ ಮೂರು ಅಂತ ಬರದೀನಿ. ಚುಕ್ಕಿ ತಪ್ಪಿ, ಗೆರಿ ಕಡೀಕ ಬಗ್ಗೇತಿ. ಮನಿಗೆ ಹೋದ ಮ್ಯಾಲ ನೆನಪಾಗಿ ಹಣಿ ಹಣಿ ಬಡಕೊಂಡೀನಿ. ಇವರದೆಲ್ಲಾ ನೆಟ್ಟಗ ಇರಬೇಕು, ನೋಡ್ರಿ. ನಾ ನೋಡಿ ಬರದಿದ್ರ ಅವರಂಗ ನೆಟ್ಟಗ ಬರೀತಿದ್ದೆ ಹೌದಿಲ್ಲೊ? ಬಗ್ಗಿದ ಗೆರಿ ಯಾರದು ನೋಡಿ ಬರೀಲಿ?”

ಅಧ್ಯಕ್ಷರು ಕಟ್ಟು ಬಿಚ್ಚಿಸಿ, ಅವಳ ಉತ್ತರಪತ್ರಿಕೆ ತೆಗೆಸಿ, ಎಕ್ಸ್‌ನಿಂದ ವೈ ಕಳೆದ ಆ ಲೆಕ್ಕದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಾನೂ ಹಿಂದಿನಿಂದ ಬಗ್ಗಿ ನೋಡಿದೆ. ಅಂಚಿನಲ್ಲಿಟ್ಟ ಚುಕ್ಕೆಯಿಂದ ಹೊರಟ ಗೆರೆ ನೆಟ್ಟಗೆ ಇಳಿದು ಬಂದು, ಕೊನೆಯ ಚುಕ್ಕೆಯ ಹತ್ತಿರ ಒಂದಿಷ್ಟು ಬಗ್ಗಿತ್ತು. ಅವರು ಉ‍ಳಿದ ಹದಿಮೂರು ಹಾಳೆಗಳನ್ನೂ ಒಂದೊಂದಾಗಿ ತಿರುವಿದರು. ಎಲ್ಲವೂ ನೆಟ್ಟಗಿದ್ದವು.

ಅಧ್ಯಕ್ಷರು ಆ ಬಗ್ಗಿದ ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ, “ಹೋಗವಾ, ಹೊರಗ ಕೂಡ್ರು” ಎಂದರು. ಧ್ವನಿ ಮೆತ್ತಗಾಗಿತ್ತು.

ವಾಪಸು ಬರುವಾಗ ಅವಳು ಬಸ್ಸಿನ ಹಿಂದಿನ ಸೀಟಿಗೆ ಹೋಗಿ ಒಬ್ಬಳೇ ಕೂತಳು. ಕಮತಗಿಯಲ್ಲಿ ಬಸ್ಸು ನಿಂತಾಗ ಎಲ್ಲರೂ ಚಹಾಕ್ಕೆ ಇಳಿದರೂ ಅವಳು ಇಳಿಯಲಿಲ್ಲ. ನಾನು ಅವಳ ಪಕ್ಕ ಹೋಗಿ ಕೂತು, ಯಾಕೆ ಹೇಳಿಕೊಡಲಿಲ್ಲ ಎಂಬುದನ್ನು ಮೊದಲಿನಿಂದ ಕೊನೆಯ ತನಕ ಹೇಳಿದೆ. ಎಲ್ಲ ಕೇಳಿ, “ನನಗೊಂದು ಮಾತು ಹೇಳಿದ್ರ ತಪ್ಪ ಬರದು ಬರ್ತಿದ್ದೆನಲ್ರಿ” ಎಂದಳು. ಅದೂ ಹೌದು. ಆದರೆ ಬೇಕೆಂದೇ ತಪ್ಪು ಬರೆ ಎಂದು ಒಬ್ಬ ವಿದ್ಯಾರ್ಥಿಗೆ ಹೇಳುವ ಬಾಯಿ ನನಗೆ ಬರುತ್ತಿತ್ತೇ? ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

ಆದೇಶ ಬರಲು ದಿನ ಹಿಡಿಯಿತು. ಬಂದಾಗ ಸಂಯೋಜಕರು ಅದನ್ನು ಗಟ್ಟಿಯಾಗಿ ಓದಿದರು. ನಕಲು ನಡೆದಿಲ್ಲ, ಹದಿನಾಲ್ವರ ಉತ್ತರಗಳೂ ಅವರವರ ಸ್ವಂತದ್ದೇ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. “ತಡೀರಿ, ಇನ್ನಾ ಐತಿ” ಎಂದು ಅವರು ಮುಂದೆ ಓದಿದರು. ಉತ್ತರಗಳು ಅವರವರ ಸ್ವಂತದ್ದೇ ಆಗಿರುವುದರಿಂದ ಅವುಗಳಿಗೆ ನಿಯಮದಂತೆ ಅಂಕ ಕೊಡತಕ್ಕದ್ದು. ನಿಯಮದಂತೆ ಅಂಕ ಕೊಟ್ಟರೆ? ಆ ಸಲದ ಪ್ರಶ್ನೆಪತ್ರಿಕೆಯಲ್ಲಿ ಅರ್ಧಕ್ಕರ್ಧ ಗ್ರಾಫೇ ಇತ್ತು. ಗ್ರಾಫೆಲ್ಲ ತಲೆಕೆಳಗು. ಹದಿನಾಲ್ಕೂ ಮಂದಿ ನಾಪಾಸು.

ನಾನು ಎದ್ದವಳು ಹಾಗೆಯೇ ಕೂತುಬಿಟ್ಟೆ. ಕಳ್ಳರಲ್ಲ ಎಂದು ಸಾಧಿಸಲು ಹೋಗಿ, ತಪ್ಪು ಪೂರಾ ಇವರದೇ ಎಂದು ನಾನೇ ಸಾಧಿಸಿ ಬಂದಿದ್ದೆ! ನಗಬೇಕೋ ಅಳಬೇಕೋ ತಿಳಿಯದೆ ಹಣೆ ಒತ್ತಿಕೊಂಡೆ.

ಫಲಿತಾಂಶದ ಹಾಳೆಯನ್ನು ಜವಾನ ನೋಟಿಸ್ ಬೋರ್ಡಿಗೆ ಹಚ್ಚಿದ. ವಿದ್ಯಾರ್ಥಿಗಳೆಲ್ಲ ಮುಗಿಬಿದ್ದರು. ಅವರ ಹಿಂದೆ ಗುಳೇದಗುಡ್ಡದಾಕಿ, ಅವಳ ಹಿಂದೆ ಧೋತ್ರ ಟೋಪಿಯ ಆ ಮಾವ. ಅವರು ದಾರಿ ಬಿಡಿಸಿಕೊಂಡು ಬಂದು, ಚಾಳೀಸು ಏರಿಸಿ ಬೋರ್ಡಿಗೆ ಮುಖ ಹಚ್ಚಿ ನಿಂತರು. ನನಗೆ ಅವರ ಮುಖ ನೋಡುವ ಧೈರ್ಯ ಆಗಲಿಲ್ಲ.

“ಎಲ್ಲೈತ್ವಾ ಕಾಪಿ ಅಂತ ಬರದದ್ದು?”

“ಕಾಪಿ ಅಂತ ಬರದಿಲ್ರಿ ಮಾವಾರ. ನಾಪಾಸು ಅಂತ ಬರದಾರ.”

“ಅಷ್ಟ?”

“ಅಷ್ಟರಿ. ನಾಕು ತಿಂಗಳಿಗೆ ಮತ್ತ ಪರೀಕ್ಷಾ ಐತಿ.”

ಅವರು ಚಾಳೀಸು ತೆಗೆದು, ಧೋತ್ರದ ಚುಂಗಿನಿಂದ ಕಣ್ಣು ಒರೆಸಿಕೊಂಡು, ಎದುರಿನ ಅಂಗಡಿಗೆ ದುಡುದುಡು ಹೋದರು. ಪೇಢೆಯ ಪೊಟ್ಟಣ ಹಿಡಿದುಕೊಂಡು ಬಂದವರೇ ಜವಾನನಿಗೆ, ಗುಮಾಸ್ತನಿಗೆ, ದಾರಿಯಲ್ಲಿ ಸೈಕಲ್ ಮೇಲೆ ಹೊರಟಿದ್ದವನಿಗೂ ಕರೆದು ಕರೆದು ಕೊಟ್ಟರು. “ತಗೋರಿ, ನಮ್ಮ ಸೊಸಿ ನಾಪಾಸಾಗ್ಯಾಳ್ರಿ!” ಸೈಕಲ್ಲಿನವನು ಪೇಢೆ ಹಿಡಿದು ಬೆಪ್ಪಾಗಿ ನಿಂತ.

ಅವಳು ನನ್ನ ಹತ್ತಿರ ಬಂದು, “ಈಗರ ಹೇಳಿಕೊಡ್ತೀರೇನ್ರಿ?” ಎಂದಳು. ಹೌದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಬಂದು ಆ ತೆರೆದ ಬಾಯಿಗೇ ಪೇಢೆ ಹಿಡಿದರು.

“ಬಾಯಿ ಸಿಹಿ ಮಾಡ್ಕೋರಿ ಮೇಡಮ್ರಿ. ಅಷ್ಟೂ ಮಂದಿ ತಮ್ಮ ಸ್ವಂತ ಬುದ್ಧಿಲೆ ನಾಪಾಸಾಗ್ಯಾರ!”